ಪಾಲಿಸಿ ಮಾರ್ಚ್‌ಗೆ ಮುಗಿಯುತ್ತದೆ, ಕರೆಂಟ್ ಈಗಲೇ ಕೊಡಿಸಲೇ?

ಪ್ರಶ್ನೆ: ನಾವು ಸುತ್ತೂರಿನವರು. ತಂದೆಗೆ 66 ವರ್ಷ, ಬೇಸಾಯಗಾರರು. ಐದು ತಿಂಗಳ ಹಿಂದೆ ಮೈಸೂರಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಆಪರೇಷನ್ ಆಯಿತು. ತೆಗೆದ ಗೆಡ್ಡೆಯ ರಿಪೋರ್ಟಿನಲ್ಲಿ ಉಗ್ರತೆಯ ಗ್ಲೀಸನ್ ಅಂಕ 7, ಅಂಚಿನಲ್ಲಿ ಕ್ಯಾನ್ಸರ್ ಇದೆ ಎಂದು ಬರೆದಿದ್ದಾರೆ. ರಕ್ತಪರೀಕ್ಷೆಯಲ್ಲಿ ಪಿಎಸ್‌ಎ ಮೊದಲು 0.03 ಇತ್ತು, ಈಗ 0.05. ಒಬ್ಬ ಡಾಕ್ಟರು ಈಗಲೇ ಕರೆಂಟ್ (ರೇಡಿಯೇಷನ್) ಕೊಡಿಸಿ ಎನ್ನುತ್ತಾರೆ, ಆಪರೇಷನ್ ಮಾಡಿದವರು ಕಾದು ನೋಡೋಣ ಎನ್ನುತ್ತಾರೆ. ನಾನು ನಂಜನಗೂಡಿನ ಕಾರ್ಖಾನೆಯಲ್ಲಿದ್ದೇನೆ. ಕಂಪನಿ ವಿಮೆಯ 3 ಲಕ್ಷದಲ್ಲಿ ಬಹುಪಾಲು ಆಪರೇಷನ್‌ಗೇ ಹೋಯಿತು. ಪಾಲಿಸಿ ಮಾರ್ಚ್‌ಗೆ ಮುಗಿಯುತ್ತದೆ, ಅಷ್ಟರೊಳಗೆ ಮಾಡಿಸಿಬಿಡು ಎಂದು ಎಲ್ಲರೂ ಹೇಳುತ್ತಾರೆ. ಆದರೆ ವಿಮೆಯವರು ಫೋನಿನಲ್ಲಿ, ‘ಅಡ್ಮಿಟ್ ಆಗದ ಚಿಕಿತ್ಸೆಗೆ ದುಡ್ಡು ಬರಲ್ಲ, ಆಪರೇಷನ್ ಆಗಿ 60 ದಿನವೂ ಕಳೆಯಿತು’ ಎಂದರು. ಚೆನ್ನೈನ ನೆಂಟರು ಪ್ರೋಟಾನ್ ಕರೆಂಟೇ ಕೊಡಿಸಿ ಅಂತ ಹಟ ಹಿಡಿದಿದ್ದಾರೆ. ಒಂದು ಎಕರೆ ಗದ್ದೆ ಮಾರೋಣವೇ ಎಂದು ಅವ್ವ ಕೇಳುತ್ತಿದ್ದಾರೆ. ಅಪ್ಪನಿಗೆ ಇನ್ನೂ ಮೂತ್ರ ಹಿಡಿತಕ್ಕೆ ಬಂದಿಲ್ಲ, ದಿನಕ್ಕೆ ಮೂರು ಪ್ಯಾಡ್ ಬೇಕು. ಈ ಸಲ ಊರಲ್ಲೇ ಜಾತ್ರೆ ನಡೆದರೂ ಮನೆ ಬಿಟ್ಟು ಹೊರಬರಲಿಲ್ಲ.

ಉತ್ತರ: ಮೊದಲು ಅವ್ವನಿಗೆ ಹೇಳಿ, ಗದ್ದೆ ಮಾರುವುದು ಬೇಡ. ಚೆನ್ನೈನ ಅಪೋಲೊ ಪ್ರೋಟಾನ್ ಕೇಂದ್ರ 2019ರಲ್ಲಿ ಶುರುವಾಯಿತು, ದೇಶದಲ್ಲೇ ಮೊದಲನೆಯದು. ಮಕ್ಕಳ ಗೆಡ್ಡೆ, ತಲೆಬುರುಡೆಯ ಬುಡದ ಗೆಡ್ಡೆಗಳಿಗೆ ಅದರಿಂದ ನಿಜವಾದ ಉಪಯೋಗವಿದೆ. ಪ್ರಾಸ್ಟೇಟ್ ವಿಷಯದಲ್ಲಿ ಅಮೆರಿಕದವರೇ ಪ್ರೋಟಾನನ್ನೂ ಐಎಂಆರ್‌ಟಿ ಎಂಬ ಮಾಮೂಲಿ ಕರೆಂಟನ್ನೂ ಎದುರುಬದುರು ಇಟ್ಟು ನೋಡಿದರು. 2024ರಲ್ಲಿ ಬಂದ ಫಲಿತಾಂಶದಲ್ಲಿ ಎರಡು ವರ್ಷದ ನಂತರ ಕರುಳಿನ ತೊಂದರೆ ಎರಡೂ ಕಡೆ ಒಂದೇ, ಕ್ಯಾನ್ಸರ್ ಹತೋಟಿಯೂ ಒಂದೇ. ಅದು ಆಪರೇಷನ್ ಆಗದವರ ಮೇಲಿನ ಅಧ್ಯಯನ, ನಿಜ. ಆದರೆ ಆಪರೇಷನ್ ಆದವರಿಗೆ ಪ್ರೋಟಾನೇ ಮೇಲು ಎನ್ನಲು ಗಟ್ಟಿ ಪುರಾವೆ ಯಾರ ಬಳಿಯೂ ಇಲ್ಲ. ನೆಂಟರ ಕಾಳಜಿಗೆ ಕೈಮುಗಿದು ಸುಮ್ಮನಿರಿ.

ಇನ್ನು ಈಗಲೋ, ಆಮೇಲೋ ಎಂಬ ಮಾತು. ಇಬ್ಬರು ಡಾಕ್ಟರೂ ಮನಸ್ಸಿಗೆ ಬಂದದ್ದು ಹೇಳುತ್ತಿಲ್ಲ. ಹತ್ತು ವರ್ಷದ ಹಿಂದೆ ಅಂಚಿನಲ್ಲಿ ಕ್ಯಾನ್ಸರ್ ಕಂಡರೆ ಕೂಡಲೇ ಕರೆಂಟ್ ಕೊಡುವವರು ಬಹಳ ಇದ್ದರು. 2020ರಲ್ಲಿ ಬ್ರಿಟನ್, ಫ್ರಾನ್ಸ್, ಆಸ್ಟ್ರೇಲಿಯಾದ ತಂಡಗಳು ಮುನ್ನಡೆಸಿದ ಮೂರು ದೊಡ್ಡ ಅಧ್ಯಯನಗಳು ಒಟ್ಟಿಗೆ ಹೊರಬಂದವು, ಒಟ್ಟು 2,153 ಗಂಡಸರು. ಅರ್ಧ ಜನಕ್ಕೆ ಆಪರೇಷನ್ ಆದ ಕೆಲವೇ ತಿಂಗಳಲ್ಲಿ ಕರೆಂಟ್, ಉಳಿದವರಿಗೆ ಪಿಎಸ್‌ಎ ಏರಿದಾಗ ಮಾತ್ರ. ಕಾಯಿಲೆಯ ಹತೋಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅಲ್ಲಿಯವರೆಗೂ ಕರೆಂಟಿನ ಅಗತ್ಯವೇ ಬಿದ್ದಿರಲಿಲ್ಲ. ಬೇಗ ಕೊಡಿಸಿಕೊಂಡವರಿಗೆ ಮೂತ್ರದ ತೊಂದರೆ ಹೆಚ್ಚು. ದಿನಕ್ಕೆ ಮೂರು ಪ್ಯಾಡ್ ಬದಲಿಸುವ ನಿಮ್ಮ ತಂದೆಯವರಿಗೆ ಇದು ಸಣ್ಣ ಮಾತಲ್ಲ. ಸೊಂಟದ ಕೆಳಗಿನ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಫಿಸಿಯೊಥೆರಪಿಯವರಿಂದ ಸರಿಯಾಗಿ ಕಲಿತು ಮಾಡಿದರೆ ಒಂದು ವರ್ಷದವರೆಗೂ ಹಿಡಿತ ಸುಧಾರಿಸುತ್ತಾ ಹೋಗುತ್ತದೆ. ಸುಧಾರಿಸುವ ಹೊತ್ತಿಗೇ ಕರೆಂಟ್ ಕೊಟ್ಟರೆ ಅದು ಅಲ್ಲಿಗೇ ನಿಂತುಬಿಡಬಹುದು.

ಗ್ಲೀಸನ್ 8ರಿಂದ 10 ಇದ್ದು ಗ್ರಂಥಿಯ ಹೊರಗೆ ಹರಡಿದ್ದರೆ, ಅಥವಾ ಲಿಂಫ್ ಗಂಟುಗಳಲ್ಲಿ ಕ್ಯಾನ್ಸರ್ ಸಿಕ್ಕಿದ್ದರೆ ಲೆಕ್ಕ ಬೇರೆ. ನೀವು ಬರೆದಿರುವಷ್ಟರಲ್ಲಿ ಹಾಗೇನೂ ಕಾಣುವುದಿಲ್ಲ. ರಿಪೋರ್ಟಿನಲ್ಲಿ ಹಂತ ಮತ್ತು ಗಂಟುಗಳ ಬಗ್ಗೆ ಏನಿದೆ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ನನ್ನ ಒಲವು ಆಪರೇಷನ್ ಮಾಡಿದ ಡಾಕ್ಟರ ಕಡೆಗೇ. ಆದರೆ ಕಾಯುವುದೆಂದರೆ ಮರೆತು ಕೂರುವುದಲ್ಲ. ಮೂರು ತಿಂಗಳಿಗೊಮ್ಮೆ, ಅದೇ ಲ್ಯಾಬಿನಲ್ಲಿ ಪಿಎಸ್‌ಎ ಮಾಡಿಸಬೇಕು. ಲ್ಯಾಬ್ ಬದಲಾದರೆ 0.03ಕ್ಕೂ 0.05ಕ್ಕೂ ಅರ್ಥವೇ ಉಳಿಯುವುದಿಲ್ಲ. ಮತ್ತೆ ಏರಿ 0.1 ಮುಟ್ಟಿದರೆ ರೇಡಿಯೇಷನ್ ಡಾಕ್ಟರ ಬಳಿ ಕೂತು ಮಾತಾಡಬೇಕು. ಎರಡು ಸಲ 0.2 ದಾಟಿದರೆ ಕಾಯಿಲೆ ಮರುಕಳಿಸಿದೆ ಎಂದೇ ಲೆಕ್ಕ. ಕಡಿಮೆ ಇರುವಾಗ ಕೊಟ್ಟ ಕರೆಂಟ್ ಚೆನ್ನಾಗಿ ಕೆಲಸ ಮಾಡುತ್ತದೆ, 0.5 ದಾಟುವವರೆಗೆ ಬಿಡಬಾರದು.

ಕೊಡಿಸುವ ದಿನ ಬಂದರೆ ಐಎಂಆರ್‌ಟಿ ಸಾಕು, ಮೈಸೂರಿನಲ್ಲೇ ಸಿಗುತ್ತದೆ. ಮಾಮೂಲಾಗಿ 32ರಿಂದ 35 ಸಿಟ್ಟಿಂಗ್, ವಾರಕ್ಕೆ ಐದು ದಿನ. ಅದನ್ನೇ 20 ಅಥವಾ 25ಕ್ಕೆ ಇಳಿಸಿ ಕೊಡುವ ಕ್ರಮವೂ ಇದೆ. ಸುತ್ತೂರಿನಿಂದ ದಿನಾ ಓಡಾಡುವವರು ಅದನ್ನು ಬಾಯಿಬಿಟ್ಟು ಕೇಳಲೇಬೇಕು. ಪ್ರತಿ ಸಲವೂ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಮಲಗಬೇಕು, ಹಿಡಿತವಿಲ್ಲದವರಿಗೆ ಇದೇ ಕಷ್ಟ. ಹಿಡಿತ ಬರಲಿ ಎಂದು ಕಾಯಲು ಇದೂ ಒಂದು ಕಾರಣ. ನಂಜನಗೂಡಿನಿಂದ ರೈಲಿನಲ್ಲಿ ಹೋಗುವುದಾದರೆ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ಎರಡನೇ ದರ್ಜೆಯಲ್ಲಿ ಶೇ. 75 ರಿಯಾಯಿತಿ ಇದೆ, ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು.

ಈಗ ವಿಮೆ. ಫೋನಿನಲ್ಲಿ ‘ಇಲ್ಲ’ ಎಂದದ್ದನ್ನು ನಿರಾಕರಣೆ ಎಂದು ಎಣಿಸಬೇಡಿ. 60 ದಿನದ ಮಾತು ಆಪರೇಷನ್ ನಂತರದ ಔಷಧಿ, ಟೆಸ್ಟುಗಳಿಗೆ ಸಂಬಂಧಿಸಿದ್ದು. ಕರೆಂಟ್ ಬೇರೆಯೇ ಚಿಕಿತ್ಸೆ. 24 ಗಂಟೆ ಅಡ್ಮಿಟ್ ಆಗಬೇಕೆಂಬ ನಿಯಮದಿಂದ ಹೊರಗಿಟ್ಟ ‘ಡೇ ಕೇರ್’ ಪಟ್ಟಿಯಲ್ಲಿ ರೇಡಿಯೊಥೆರಪಿಯನ್ನು ಬಹುತೇಕ ಪಾಲಿಸಿಗಳು ಸೇರಿಸಿರುತ್ತವೆ. ಎಚ್‌ಆರ್‌ನವರಿಂದ ಪಾಲಿಸಿ ಪ್ರತಿ ಪಡೆದು ಆ ಪಟ್ಟಿ ನೋಡಿ. ಆಸ್ಪತ್ರೆಯ ಎಸ್ಟಿಮೇಟಿನಲ್ಲಿ ‘ಡೇ ಕೇರ್ ರೇಡಿಯೊಥೆರಪಿ’ ಎಂದೇ ಬರೆಸಿ, ಮುಂಗಡ ಅನುಮತಿಗೆ ಹಾಕಿಸಿ. ವಿಮಾ ನಿಯಂತ್ರಕ ಐಆರ್‌ಡಿಎಐನ 2024ರ ನಿಯಮದಂತೆ, ವಿಮಾ ಕಂಪನಿಯೊಳಗಿನ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಕ್ಲೇಮ್ ತಳ್ಳಿಹಾಕುವಂತಿಲ್ಲ. ಆದರೂ ತಳ್ಳಿಹಾಕಿದರೆ ಕಾರಣ ಬರವಣಿಗೆಯಲ್ಲಿ ಕೇಳಿ, ವಿಮಾ ಕಂಪನಿಗೇ ದೂರು ಕೊಡಿ. ಒಂದು ತಿಂಗಳಲ್ಲಿ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಒಂದು ವರ್ಷದೊಳಗೆ ಹೋಗಬೇಕು. ಐಆರ್‌ಡಿಎಐ ಸಹಾಯವಾಣಿ 155255.

ಮಾರ್ಚ್ ಗಡುವಿಗೆ ಹೆದರುವವರು ಒಂದನ್ನು ಗಮನಿಸುವುದಿಲ್ಲ. ಕಂಪನಿ ಪಾಲಿಸಿ ನವೀಕರಿಸಿದರೆ ಏಪ್ರಿಲ್‌ಗೆ ಹೊಸ 3 ಲಕ್ಷ ಬರುತ್ತದೆ. ಈಗ ಅವಸರ ಮಾಡಿದರೆ ಖಾಲಿಯಾದ ಪಾಲಿಸಿಯ ಮೇಲೆ ಬಿಲ್ಲು ಬೀಳುತ್ತದೆ. ಬರುವ ವರ್ಷವೂ ತಂದೆತಾಯಿ ಸೇರಿದ್ದಾರೆಯೇ ಎಂದು ಎಚ್‌ಆರ್‌ನಿಂದ ಮೇಲ್‌ನಲ್ಲೇ ಬರೆಸಿಕೊಳ್ಳಿ. ಅಲ್ಲಿಯವರೆಗೆ ಕೆಲಸ ಬಿಡುವ ಯೋಚನೆ ಇದ್ದರೂ ಮುಂದಕ್ಕೆ ಹಾಕಿ.

ತಂದೆಯವರದು ಬಿಪಿಎಲ್ ಕಾರ್ಡ್ ಆದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಐಎಂಆರ್‌ಟಿಗೂ ಪ್ಯಾಕೇಜ್ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ ಸರ್ಕಾರದ್ದು. ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣಿ, ಚಿಕಿತ್ಸೆ ಶುರುವಾಗುವ ಮೊದಲೇ. ಹಾಲಿನ ಸೊಸೈಟಿಯ ಯಶಸ್ವಿನಿ ಕಾರ್ಡ್ ಇದ್ದರೆ ಅದನ್ನೂ ತೋರಿಸಿ. ಆದರೆ 2003ರಲ್ಲಿ ಅದು ಹುಟ್ಟಿದ್ದೇ ರೈತರ ಆಪರೇಷನ್‌ಗಳಿಗಾಗಿ, ಕರೆಂಟಿಗೂ ಆಗುತ್ತದೆಂದು ನಂಬಿ ಹೊರಡಬೇಡಿ.

ಮುಂದಿನ ಪಿಎಸ್‌ಎ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿ. ಅಂಕಿ 0.1 ಮುಟ್ಟಿದರೆ ಅದೇ ವಾರ ರೇಡಿಯೇಷನ್ ಡಾಕ್ಟರನ್ನು ಕಾಣಿ, ಪಾಲಿಸಿ ನವೀಕರಣ ಆಗಿರಲಿ, ಆಗದಿರಲಿ.