ಮುತ್ಯಾನ ಆಮ್ಲಜನಕ

ವೃದ್ಧಾಶ್ರಮಗಳಿಗೆ ಬಂದಂತೆ ಈಗ ಹಳ್ಳಿಯ ಮನೆಗಳಿಗೂ ಆಮ್ಲಜನಕದ ಸಿಲಿಂಡರು ಬಂದಿದೆ. ನಿಡಗುಂದಿಯ ನಮ್ಮ ಮನೆಗೆ ಅದು ಬಂದುದು ಮುತ್ಯಾನ ಉಬ್ಬಸಕ್ಕಾಗಿ. ತಿರುಪು ಬಿಗಿಯಾಗಿದೆಯೆಂದು ಅಪ್ಪ ಚಕ್ಕಡಿಯ ಕೀಲೆಣ್ಣೆ ತಂದನು. ಮಾಪಕದ ಮುಖದ ಮೇಲೆ “ಎಣ್ಣೆ ಬಳಸಬೇಡಿ” ಎಂದು ಇಂಗ್ಲಿಷಿನಲ್ಲಿತ್ತು. ಅದನ್ನು ಓದಬಲ್ಲವನು ಮನೆಯಲ್ಲಿ ನಾನೊಬ್ಬನೇ. “ತಡಿ ಅಪ್ಪಾ” ಎಂದು ಕೈ ಹಿಡಿದೆನು.

ಗಾಳಿಯಲ್ಲಿ ನೂರಕ್ಕೆ 21 ಪಾಲಿರುವ ಆಮ್ಲಜನಕವು ಸಿಲಿಂಡರಿನಲ್ಲಿ ಬಹುಮಟ್ಟಿಗೆ ಶುದ್ಧವಾಗಿ, ಹೊರಗಿನ ಗಾಳಿಯ ಸುಮಾರು 150 ಪಟ್ಟು ಒತ್ತಡದಲ್ಲಿರುತ್ತದೆ. ಅದು ತಾನು ಉರಿಯದು, ಉರಿಸುವುದು. ಆ ಒತ್ತಡದ ಅನಿಲವು ಎಣ್ಣೆಗೆ ತಗಲಿದರೆ ಕಡ್ಡಿ ಗೀರದೆಯೇ ಬೆಂಕಿ ಹೊತ್ತಬಹುದು. ತಿರುಪು ಬಿಗಿಯಾದ ಸಿಲಿಂಡರನ್ನು ಕೊಟ್ಟವರಿಗೇ ಹಿಂದಿರುಗಿಸುವುದು ಕ್ಷೇಮ. ನಾವು ಹಾಗೆ ಮಾಡಲು ಸಾಧ್ಯವಾದುದು ಮನೆಯಲ್ಲಿ ಇನ್ನೊಂದು ಇದ್ದುದರಿಂದ. 10 ಲೀಟರಿನ ಸಿಲಿಂಡರಿನಲ್ಲಿ ಸುಮಾರು 1500 ಲೀಟರು ಅನಿಲ ಹಿಡಿಯುವುದು. ವೈದ್ಯರು ಹೇಳಿದಂತೆ ನಿಮಿಷಕ್ಕೆ 2 ಲೀಟರು ಬಿಟ್ಟರೆ ಸುಮಾರು 12 ಗಂಟೆ. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ರೋಗಿಗಳು ಸತ್ತುದನ್ನು ನೆನೆದರೆ ಈ ಲೆಕ್ಕ ಸಣ್ಣದೆನಿಸದು.

ಆಮ್ಲಜನಕವು ಕಂಬಳಿಯಲ್ಲಿಯೂ ನಿಲ್ಲುವುದು. ತಿರುಪು ಮುಚ್ಚಿದರೂ ಸ್ವಲ್ಪ ಹೊತ್ತು ಅಪಾಯವುಂಟು. ಅವ್ವ ದೇವರ ದೀಪವನ್ನು ದೂರದ ಪಡಸಾಲೆಗೆ ಒಯ್ದಳು. ಮುತ್ಯಾ ಮಾತ್ರ ಈಗಲೂ ದಿಂಬಿನಡಿ ಬೀಡಿ ತಡಕುವನು; ಕಡ್ಡಿಪೆಟ್ಟಿಗೆ ನನ್ನ ಕಿಸೆಯಲ್ಲಿದೆ.