ಬರಡು ನೆಲದ ಬೆರಗು

ಮರುಭೂಮಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ರಾಜಸ್ಥಾನದ ಮರಳು ಮತ್ತು ಒಂಟೆಗಳ ಸಾಲು. ಆದರೆ ಮಳೆ ಕೈಕೊಟ್ಟ ವರ್ಷ ನಮ್ಮ ಗಡಿಭಾಗದ ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಬಯಲೂ ಬೇಸಿಗೆಯಲ್ಲಿ ಮರುಭೂಮಿಯಂತೆಯೇ ತೋರುತ್ತದೆ. ಪಶ್ಚಿಮ ಘಟ್ಟಗಳು ಮಳೆಮೋಡಗಳನ್ನು ತಡೆಯುವುದರಿಂದ ಇದು ಮಳೆನೆರಳಿನ ನಾಡು. 2016ರಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ತರಬೇಕಾಯಿತು. ಇಂಥ ನೆಲದಲ್ಲಿ ನೋಡುವಂಥದ್ದೇನಿದೆ ಎಂದು ಕೇಳುವವರುಂಟು. ಈ ನಾಡಿನ ಸಂಪತ್ತು ಅದರ ಕಲ್ಲಿನಲ್ಲಿದೆ. ಅದನ್ನು ನೋಡಲು ನಾವು ಒಂದು ಸುತ್ತು ಹೋಗಿಬರೋಣ.

ಸೊಲ್ಲಾಪುರದಿಂದ ಹೈದರಾಬಾದ್ ರಸ್ತೆ ಹಿಡಿದರೆ ಉಮರ್ಗಾ ತಲುಪುವ ಮುನ್ನವೇ ನಳದುರ್ಗ ಸಿಗುತ್ತದೆ. ಅಲ್ಲಿನ ಕೋಟೆಯೊಳಗೆ ಬೋರಿ ನದಿಗೆ ಅಡ್ಡಲಾಗಿ ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ (1580–1627) ಕಟ್ಟಿದ ಕಲ್ಲಿನ ಕಟ್ಟೆಯಿದೆ. ಕಟ್ಟೆಯ ಒಡಲಲ್ಲೇ ‘ಪಾನಿ ಮಹಲ್’ ಎಂಬ ಕೋಣೆ. ಮಳೆಗಾಲದಲ್ಲಿ ನದಿ ತುಂಬಿ, ನೀರು ಎರಡು ಧಾರೆಗಳಾಗಿ ಭೋರ್ಗರೆದು ಧುಮುಕುತ್ತಿದ್ದರೂ ಒಳಗೆ ನಿಂತವರು ನೆನೆಯುವುದಿಲ್ಲ!

ಈ ಕಲ್ಲು ಎಲ್ಲಿಂದ ಬಂತು? ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿ ಬಿರಿದು, ಲಾವಾರಸ ಪದರ ಪದರವಾಗಿ ಹರಿದು ತಣಿದು ಕರಿಕಲ್ಲಾಯಿತು. ಅದು ಸವೆದು ನಮ್ಮ ಹೊಲಗಳ ಎರೆಮಣ್ಣಾಯಿತು. ಕೆಲವೆಡೆ ಮಳೆನೀರು ಇತರ ಅಂಶಗಳನ್ನು ತೊಳೆದೊಯ್ದು ಕಬ್ಬಿಣದ ಅಂಶ ಹೆಚ್ಚಾಗಿ ಉಳಿಯಿತು. ಅದೇ ಕೆಂಪು ಜಂಬಿಟ್ಟಿಗೆ. ಬೀದರ ಕೋಟೆ ನಿಂತಿರುವುದೂ ಇಂಥ ಕಲ್ಲಿನ ಮೇಲೆಯೇ.

ನಿಲಂಗಾಕ್ಕೆ ಸಮೀಪದ ಖರೋಸಾ ಗುಡ್ಡವೂ ಜಂಬಿಟ್ಟಿಗೆಯದು. ಈ ಕಲ್ಲು ನೆಲದೊಳಗಿರುವಾಗ ಮೃದು, ಕಡಿದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಈ ಗುಣವನ್ನು ಅರಿತ ಶಿಲ್ಪಿಗಳು ಸುಮಾರು 6ನೆಯ ಶತಮಾನದಲ್ಲಿ ಇಲ್ಲಿ ಗುಹೆಗಳನ್ನು ಕೊರೆದರು. ಶಿವ, ನರಸಿಂಹ, ಕಾರ್ತಿಕೇಯ ಮೊದಲಾದ ಮೂರ್ತಿಗಳು ಇಲ್ಲಿವೆ. ಕಲ್ಲು ತೂತು ತೂತಾದುದರಿಂದ ಅವುಗಳ ಅಂಚುಗಳು ಸವೆದಿವೆ.

ನಿಲಂಗಾದ ನೀಲಕಂಠೇಶ್ವರ ದೇವಾಲಯ ಚಾಲುಕ್ಯ ಶೈಲಿಯ ತ್ರಿಕೂಟ, ಎಂದರೆ ಮೂರು ಗರ್ಭಗುಡಿಗಳ ಗುಡಿ. ಹೊರಗೋಡೆಯ ಮದನಿಕೆಯರನ್ನು ನೋಡಿದವರಿಗೆ ಕಲ್ಯಾಣದ ನೆನಪಾಗದಿರದು. ಇದರಲ್ಲಿ ಆಶ್ಚರ್ಯವಿಲ್ಲ. ಚಾಲುಕ್ಯರ ರಾಜಧಾನಿ ಕಲ್ಯಾಣ ಇಲ್ಲಿಗೆ ದೂರವಲ್ಲ. ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ಮುಂದೆ ಉದಗೀರದಲ್ಲಿ ಆಳವಾದ ಕಂದಕದ ಕೋಟೆಯಿದೆ. 1760ರಲ್ಲಿ ಮರಾಠರಿಗೂ ನಿಜಾಮನಿಗೂ ಯುದ್ಧವಾದದ್ದು ಈ ಊರಿನ ಹೆಸರಿನಿಂದಲೇ ಪ್ರಸಿದ್ಧ.

ಮರಳುವಾಗ ಲಾತೂರು–ಉಮರ್ಗಾ ದಾರಿಯಲ್ಲಿ ಕಿಲ್ಲಾರಿ ಸಿಗುತ್ತದೆ. ಅಲ್ಲಿ ನಾವು ತಲೆಬಾಗಿ ನಿಲ್ಲಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಸ್ಥಿರವೆಂದು ನಂಬಿದ್ದ ಈ ನೆಲ ನಡುಗಿತು. ಏಳು ಸಾವಿರಕ್ಕೂ ಹೆಚ್ಚು ಜನ ಮಡಿದರು. ದುಂಡುಕಲ್ಲುಗಳನ್ನು ಬರಿಯ ಮಣ್ಣಿನಲ್ಲಿ ಪೇರಿಸಿದ ದಪ್ಪ ಗೋಡೆಗಳು, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಕಲ್ಲಿಗೆ ಕಲ್ಲು ಕಚ್ಚಿರಲಿಲ್ಲ. ಮನೆಯೇ ಮನೆಯವರ ಮೇಲೆ ಬಿದ್ದಿತು.

ನಳದುರ್ಗದಲ್ಲಿ ನೀರನ್ನು ತಡೆದದ್ದೂ ಕಲ್ಲು, ಖರೋಸಾದಲ್ಲಿ ದೇವರಾದದ್ದೂ ಕಲ್ಲು, ಕಿಲ್ಲಾರಿಯಲ್ಲಿ ಜೀವ ತೆಗೆದದ್ದೂ ಕಲ್ಲು. ಅದರ ಗುಣವನ್ನು ಅರಿತು ದುಡಿದ ಕಡೆ ಅದು ನಮ್ಮನ್ನು ಕಾದಿದೆ. ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಭೂಗೋಳದ ಪಾಠವನ್ನು ಪರೀಕ್ಷೆಗಾಗಿ ಮಾತ್ರ ಓದಬೇಡಿರಿ. ಪಾಲಕರೇ, ಮನೆ ಕಟ್ಟಿಸುವಾಗ ಕಿಲ್ಲಾರಿಯನ್ನು ಮರೆಯಬೇಡಿರಿ. ಬಿಡುವಿನಲ್ಲಿ ಮಕ್ಕಳನ್ನು ದೂರದ ಊರುಗಳಿಗೆ ಕರೆದೊಯ್ಯುವ ಮುನ್ನ ಒಮ್ಮೆ ಖರೋಸಾಕ್ಕೆ ಕರೆದೊಯ್ಯಿರಿ. ಆ ಮೆದುಗಲ್ಲಿನ ಮೇಲೆ ಮೊಳೆಯಿಂದ ಎಳೆದ ಒಂದು ಗೀರೂ ಅಳಿಯುವುದಿಲ್ಲವೆಂಬುದನ್ನು ಅವರಿಗೆ ಮೊದಲೇ ಹೇಳಿರಿ.