ಉಸ್ತರಾ ಕಲಿಯುವವರಿಗೆ ಕೆಲವು ಸೂಚನೆಗಳು

ಗಡ್ಡ ಬಿಟ್ಟವರಿಗೆ ಕ್ಷೌರದ ಗೊಡವೆ ಇಲ್ಲವೆಂದು ಕೆಲವರು ತಿಳಿದಿದ್ದಾರೆ. ಆದರೆ ಕೆನ್ನೆಯ ಮೇಲ್ಭಾಗ ಮತ್ತು ಕೊರಳನ್ನು ಒಪ್ಪವಾಗಿಡಲು ಹಲವರು ಉಸ್ತರಾದ ಮುಂದೆ ಕೂರುತ್ತಾರೆ. ಈ ಕೆಲಸವನ್ನು ಮನೆಯಲ್ಲೇ ಕಲಿಯಲು ಬಯಸುವ ಯುವಕರೂ ಇದ್ದಾರೆ. ಕಲಿಯುವುದು ಒಳ್ಳೆಯದು, ಅವಸರ ಮಾತ್ರ ಬೇಡ.

ಮುಖ್ಯ ಲಾಭವೆಂದರೆ ಬ್ಲೇಡ್ ನಿಮ್ಮೊಬ್ಬರದೇ ಆಗಿರುತ್ತದೆ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಉಳಿಯಬಲ್ಲದು. ಅದು ಹರಡಲು ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಆದ್ದರಿಂದ ತಂದೆ-ಮಗ, ಅಣ್ಣ-ತಮ್ಮಂದಿರು ಕೂಡ ಒಂದೇ ಬ್ಲೇಡ್ ಬಳಸಬಾರದು. ಈ ಕಾಯಿಲೆಗೆ ಲಸಿಕೆ ಇದೆ; ಮನೆಯವರೆಲ್ಲ ಹಾಕಿಸಿಕೊಂಡಿದ್ದಾರೆಯೇ ಎಂದು ವಿಚಾರಿಸಿಕೊಳ್ಳಿ.

ಯಾವುದನ್ನು ಕೊಳ್ಳಬೇಕು?

ಹಳೆಯ ಮಾದರಿಯ ಉಸ್ತರಾವನ್ನು ಸಾಣೆ ಹಿಡಿಯಬೇಕು, ಪ್ರತಿ ಸಲ ಚರ್ಮದ ಪಟ್ಟಿಗೆ ಉಜ್ಜಬೇಕು. ಹೊಸಬರಿಗೆ ಬ್ಲೇಡ್ ಬದಲಿಸುವ ಉಸ್ತರಾ ಸಾಕು. ಎರಡು ಅಲಗಿನ ಸಾಮಾನ್ಯ ಬ್ಲೇಡನ್ನು ಅದರ ಕಾಗದದೊಳಗೇ ಇಟ್ಟು ಉದ್ದಕ್ಕೆ ಎರಡು ತುಂಡು ಮಾಡಿ, ಒಂದನ್ನು ಸಿಕ್ಕಿಸಿ. ಅಲಗು ಎಲ್ಲ ಕಡೆ ಒಂದೇ ಸಮ ಹೊರಗಿರಲಿ.

ಕಲಿಯುವ ಕ್ರಮ

ಮೊದಲ ನಾಲ್ಕೈದು ದಿನ ಬ್ಲೇಡ್ ಹಾಕದೆ ಕನ್ನಡಿಯ ಮುಂದೆ ಕೈ ಪಳಗಿಸಿ. ಬ್ಲೇಡ್ ಹಾಕಿದ ಮೇಲೆ ಒಂದೆರಡು ವಾರ ಕೆನ್ನೆಯನ್ನು ಮಾತ್ರ ಮಾಡಿ. ಕೊರಳು ಆಮೇಲೆ. ಮೀಸೆ ಮತ್ತು ತುಟಿಯ ಸುತ್ತ ಕತ್ತರಿಯೇ ಸಾಕು.

ಸ್ನಾನದ ನಂತರ ಕೂದಲು ಮೆತ್ತಗಿರುತ್ತದೆ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಎರಡು ನಿಮಿಷ ಇಟ್ಟರೂ ಆದೀತು. ಸಾಬೂನಿನ ನೊರೆಯನ್ನು ದಪ್ಪವಾಗಿ ಹಚ್ಚಿ. ಇನ್ನೊಂದು ಕೈಯ ಬೆರಳುಗಳಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಸಡಿಲ ಚರ್ಮದಲ್ಲಿ ಗಾಯವಾಗುವುದು ಸುಲಭ.

ಅಲಗು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರಬೇಕು. ಸರಿಯಾಗಿ 1 ಗಂಟೆಯಾದಾಗ ಗಡಿಯಾರದ ಎರಡು ಮುಳ್ಳುಗಳ ನಡುವೆ ಇರುವಷ್ಟು ಅಂತರ ಅದು. ಓರೆ ಹೆಚ್ಚಾದರೆ ಚರ್ಮ ಕೊಯ್ಯುತ್ತದೆ, ಕಡಿಮೆಯಾದರೆ ಕೂದಲು ಕಿತ್ತಂತಾಗುತ್ತದೆ. ಒತ್ತಬೇಡಿ. ಕೂದಲು ಬೆಳೆದ ದಿಕ್ಕಿಗೇ ಚಿಕ್ಕ ಚಿಕ್ಕದಾಗಿ ಎಳೆಯಿರಿ. ಕೊರಳಿನಲ್ಲಿ ಕೂದಲಿನ ದಿಕ್ಕು ಜಾಗದಿಂದ ಜಾಗಕ್ಕೆ ಬದಲಾಗುವುದರಿಂದ ಮೊದಲು ಬೆರಳಾಡಿಸಿ ತಿಳಿದುಕೊಳ್ಳಿ. ಅಲಗನ್ನು ಎಂದೂ ಅಡ್ಡಡ್ಡ ಜಾರಿಸಬೇಡಿ. ಎದುರು ದಿಕ್ಕಿಗೆ ಬೋಳಿಸಿದರೆ, ಗುಂಗುರು ಕೂದಲಿನವರಲ್ಲಿ ವಿಶೇಷವಾಗಿ, ಕೂದಲು ಚರ್ಮದೊಳಗೇ ಬೆಳೆದು ಗುಳ್ಳೆಗಳೇಳುತ್ತವೆ.

ಜುಮಾಗೆ ಹತ್ತು ನಿಮಿಷವಿರುವಾಗ ಉಸ್ತರಾ ಹಿಡಿಯಬೇಡಿ. ಗುರುವಾರ ಸಂಜೆ ಬಿಡುವಾಗಿ ಮಾಡಿ.

ಗಾಯವಾದರೆ

ಶುದ್ಧ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ. ಸಣ್ಣ ಗೀರಿಗೆ ಒದ್ದೆ ಮಾಡಿದ ಫಿಟ್ಕರಿ ಉಜ್ಜಬಹುದು. ಯುನಾನಿಯಲ್ಲಿ ಇದನ್ನು ಶಿಬ್ಬೆ ಯಮಾನಿ ಎನ್ನುತ್ತೇವೆ. ಚರ್ಮವನ್ನು ಬಿಗಿಗೊಳಿಸಿ ರಕ್ತ ನಿಲ್ಲಿಸುವ ಗುಣ ಇದಕ್ಕಿದೆ. ಆದರೆ ಒಬ್ಬರ ಗಾಯಕ್ಕೆ ತಾಗಿದ ಫಿಟ್ಕರಿ ಇನ್ನೊಬ್ಬರ ಮುಖಕ್ಕೆ ಬೇಡ. ಅಂಗಡಿಯಲ್ಲಿ ಹೊಸ ಬ್ಲೇಡ್ ಕೇಳುವವರೂ ಈ ಗಡ್ಡೆಯನ್ನು ಮರೆಯುತ್ತಾರೆ.

ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಮುಖದಲ್ಲಿ ಮೊಡವೆ ಅಥವಾ ಕೀವುಗುಳ್ಳೆ ಇರುವವರು ಉಸ್ತರಾದಿಂದ ದೂರವಿರುವುದು ಲೇಸು. ಗಾಯದ ಸುತ್ತ ಊತ, ಬಿಸಿ, ಕೀವು ಕಂಡರೆ ವೈದ್ಯರಿಗೆ ತೋರಿಸಿ.

ತಾಯಂದಿರಿಗೆ ಒಂದು ಮಾತು

ಅಕೀಕಾದ ದಿನ ಮಗುವಿನ ತಲೆ ಬೋಳಿಸಲು ಹೊಸದಾಗಿ ಕಲಿತ ಮಾವನಿಗೋ ಚಿಕ್ಕಪ್ಪನಿಗೋ ಕೊಡಬೇಡಿ. ನೆತ್ತಿಯ ಮೆತ್ತನೆಯ ಭಾಗದಲ್ಲಿ ಇನ್ನೂ ಎಲುಬು ಕೂಡಿರುವುದಿಲ್ಲ. ನುರಿತ ಕೈಯನ್ನೇ ಕರೆಸಿ, ಬ್ಲೇಡಿನ ಕಾಗದವನ್ನು ನಿಮ್ಮ ಕಣ್ಣೆದುರೇ ಬಿಚ್ಚಿಸಿ.

ಮನೆಯಲ್ಲಿ ಮೂರ್ನಾಲ್ಕು ಸಲ ಬಳಸಿದ ಬ್ಲೇಡನ್ನು ಬದಲಿಸಿ. ಹಳೆಯದನ್ನು ಕಸದ ಬುಟ್ಟಿಗೆ ಹಾಗೆಯೇ ಎಸೆದರೆ ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಮುಚ್ಚಳವಿರುವ ಒಂದು ಡಬ್ಬಿಯಲ್ಲಿ ಹಾಕುತ್ತಾ ಬನ್ನಿ. ತುಂಬಿದ ಮೇಲೆ ಟೇಪ್ ಸುತ್ತಿ, ಒಳಗೆ ಬ್ಲೇಡ್ ಇದೆ ಎಂದು ಬರೆದು ಕೊಡಿ. ಉಸ್ತರಾವನ್ನು ಒರೆಸಿ ಒಣಗಿಸಿ, ಮಕ್ಕಳ ಕೈಗೆಟುಕದಂತೆ ಎತ್ತಿಡಿ.